ಹೊಟ್ಟೆಮಾವನ ಚೀಟಿ

ಹೊಟ್ಟೆಮಾವನಿಗೆ ನಿಜವಾದ ಹೊಟ್ಟೆನೋವು ಬಂದ ದಿನ ಇಡೀ ಆಸ್ಪತ್ರೆಯಲ್ಲಿ ಅವರನ್ನು ನಂಬಿದವರು ಒಬ್ಬರೂ ಇರಲಿಲ್ಲ. ಅದು ಕಲಿಯುವ ಡಾಕ್ಟರುಗಳ ತಪ್ಪು ಎಂದು ಪೂರ್ತಿ ಹೇಳಲೂ ಬರುವುದಿಲ್ಲ. ಹೊಟ್ಟೆನೋವು ಅಂದರೆ ಏನು ಎಂದು ಅವರಿಗೆಲ್ಲ ಕಲಿಸಿದವರೇ ಮಾವ.

ಮೂವತ್ತೊಂದು ವರ್ಷ ಮಾವ ಆ ಆಸ್ಪತ್ರೆಯ ಲಿಫ್ಟ್ ನಡೆಸಿದ್ದರು. ಕೂರಲು ಒಂದು ಸ್ಟೂಲು, ಒತ್ತಲು ಆರು ಗುಂಡಿ, ಎದುರಿಗೆ ರೋಗಿಗಳು. ಬೇರೆ ಕೆಲಸವಿಲ್ಲದ ಕಣ್ಣು ಸುಮ್ಮನಿರುತ್ತದೆಯೇ? ಮೂತ್ರಪಿಂಡದ ಕಲ್ಲಿನವನು ನಿಂತಲ್ಲಿ ನಿಲ್ಲುವುದಿಲ್ಲ, ಅಪೆಂಡಿಕ್ಸ್ ಊದಿದವನು ಕಾಲು ಮಡಚಿಕೊಂಡು ಅಲ್ಲಾಡದೆ ಮಲಗುತ್ತಾನೆ, ರಜೆಗಾಗಿ ಬಂದವನು ಗಡಿಯಾರ ನೋಡುತ್ತಾನೆ. ಓದದೆಯೇ ಇಷ್ಟು ವೈದ್ಯವಿದ್ಯೆ ಮಾವನ ತಲೆಯಲ್ಲಿ ಕೂತಿತ್ತು.

ನಿವೃತ್ತಿಯ ಹಿಂದಿನ ವಾರ ಕಲಿಯುವ ಡಾಕ್ಟರುಗಳ ಪರೀಕ್ಷೆಗೆ ಬರಬೇಕಿದ್ದ ರೋಗಿ ಕೈಕೊಟ್ಟ. ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಮೇಡಂ ಲಿಫ್ಟಿನಿಂದಲೇ ಮಾವನನ್ನು ಎಳೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದರು. ಮಾವ ಕಾಲು ಮಡಚಿ, ಮುಖ ಹಿಂಡಿ ಎಂಥ ಹೊಟ್ಟೆನೋವು ತೋರಿಸಿದರೆಂದರೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಾಬರಿಯಾಗಿ ಆಪರೇಷನ್ ಥಿಯೇಟರಿಗೆ ಫೋನು ಮಾಡಲು ಎದ್ದರಂತೆ. ಅಂದಿನಿಂದ ಹೊಟ್ಟೆನೋವೇ ಮಾವನ ಹೊಟ್ಟೆಪಾಡಾಯಿತು.

ಆಮೇಲೆ ಮೇಡಂಗೆ ಮೊಬೈಲಿನ ಹುಚ್ಚು ಹಿಡಿಯಿತು. ಪಾಠಕ್ಕೆ ಬಾರದ ಮಕ್ಕಳು ಮೊಬೈಲ್ ಬಿಡುವುದಿಲ್ಲವಾದರೆ ಪಾಠವೇ ಮೊಬೈಲಿಗೆ ಹೋಗಲಿ ಎಂದು ಒಂದೊಂದು ನಿಮಿಷದ ವಿಡಿಯೋ ಹಾಕತೊಡಗಿದರು. ಮೊದಲ ದಿನ ಅಪೆಂಡಿಕ್ಸ್ ಪಾಠಕ್ಕೆ ಮಾವ ತಮಗೆ ಗೊತ್ತಿದ್ದ ಹಾಗೆ ಅಲ್ಲಾಡದೆ, ಉಸಿರೆತ್ತದೆ ಮಲಗಿದರು.

"ಮಾವ, ಹೀಗೆ ಸುಮ್ನೆ ಮಲಗಿದ್ರೆ ಜನ ಬೆರಳಲ್ಲಿ ತಳ್ಳಿ ಮುಂದಿನ ವಿಡಿಯೋಗೆ ಹೋಗ್ಬಿಡ್ತಾರೆ. ಸ್ವಲ್ಪ ನರಳಿ" ಅಂದರು ಮೇಡಂ.

"ಆ ಕಾಯಿಲೆಯೋರು ನರಳಲ್ಲ ಮೇಡಂ. ನಾನು ನೋಡಿದೀನಿ."

"ನೀವು ನೋಡಿದೀರಿ, ಅವರು ನೋಡ್ಬೇಕಲ್ಲ!"

ಮಾವ ನರಳಿದರು. "ಅಯ್ಯಯ್ಯಮ್ಮಾ, ಹೋದೆ, ಸತ್ತೆ" ಎಂದು ಹಾಸಿಗೆಯ ಮೇಲೆ ಉರುಳಾಡಿದರು. ಎರಡು ಲಕ್ಷ ಜನ ನೋಡಿದರು. ಹೊಗಳಿಕೆ ಯಾರಿಗೆ ಬೇಡ? ಬೆಳಿಗ್ಗೆ ಚಹಾದ ಜೊತೆ ಕನ್ನಡಕ ಏರಿಸಿ ಕಾಮೆಂಟು ಓದುವುದು ಮಾವನ ನಿತ್ಯಕರ್ಮವಾಯಿತು. ಮನೆಯಲ್ಲಿ ಅಭ್ಯಾಸವೂ ನಡೆಯುತ್ತಿತ್ತು. ನರಳಾಟ ಕೇಳಿ ಮೇಲಿನ ಮನೆಯವರು ಎರಡು ಸಲ ಓಡಿಬಂದರು, ಮೂರನೆಯ ಸಲ ಬರಲಿಲ್ಲ.

ಒಂದೇ ತೊಡಕು. ನರಳುವವನಿಗೆ ಜ್ವರ ಬರಿಸಲಾಗುವುದಿಲ್ಲ. ಅದಕ್ಕೆ ಮೇಡಂ ಮಾವನ ಕೊರಳಿಗೆ ಒಂದು ಚೀಟಿ ತೂಗುಹಾಕುತ್ತಿದ್ದರು. 'ಜ್ವರ 101, ನಾಡಿ 110.' ಮಕ್ಕಳು ಹೊಟ್ಟೆ ಒತ್ತಿ, ಚೀಟಿ ಓದಿ, ರೋಗದ ಹೆಸರು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಆಗಾಗ ಮೇಡಂ ಹೇಳದೆ ಕೇಳದೆ ಮಾವನನ್ನು ತುರ್ತು ವಿಭಾಗಕ್ಕೇ ಕಳಿಸಿ ಮಕ್ಕಳನ್ನು ಪರೀಕ್ಷಿಸುವುದೂ ಇತ್ತು.

ಆ ಸೋಮವಾರ ಬೆಳಿಗ್ಗೆ ಮಾವ ಹೊಟ್ಟೆ ಹಿಡಿದು ಕೂತರು. ಅವರ ಹೆಂಡತಿ, ಕಲಿಯುವ ಮಕ್ಕಳ ಬಾಯಲ್ಲಿ ಅತ್ತೆ, ಬಟ್ಟೆ ಹಿಂಡುತ್ತಲೇ ಕೇಳಿದರು: "ಇವತ್ತು ಯಾವ ಪಾಠ ರೀ?"

ಉತ್ತರಕ್ಕೆ ಕಾಯದೆ ಅತ್ತೆ ಬಕೆಟ್ ಹಿಡಿದು ಮಹಡಿಗೆ ಹೋಗಿ, ಎಲ್ಲವನ್ನೂ ಒಣಹಾಕಿ, ಪಕ್ಕದವಳ ಜೊತೆ ಮಾತು ಮುಗಿಸಿ ಕೆಳಗಿಳಿದಾಗ ಹತ್ತು ಗಂಟೆ. ಚಹಾ ಲೋಟದಲ್ಲಿ ಕೆನೆ ಕಟ್ಟಿತ್ತು. ಕಾಮೆಂಟು ಓದದ ಮೊಬೈಲು ಮಗುಚಿ ಬಿದ್ದಿತ್ತು. ಮಾವ ಬಲಗಾಲು ಮಡಚಿ, ಗೋಡೆ ನೋಡುತ್ತ ಮಲಗಿದ್ದರು. ಮನೆ ನಿಶ್ಶಬ್ದವಾಗಿತ್ತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಆ ಮನುಷ್ಯ ಒಂದು ಸೀನು ಕೂಡ ಸದ್ದಿಲ್ಲದೆ ಸೀನಿದವರಲ್ಲ. ಅತ್ತೆ ಬಕೆಟ್ ಅಲ್ಲೇ ಬಿಟ್ಟು ಆಟೋ ಕರೆಯಲು ಓಡಿದರು.

ತುರ್ತು ವಿಭಾಗದಲ್ಲಿ ಮಾವನಿಗೆ ಸಿಕ್ಕ ಸ್ವಾಗತ ಮದುಮಗನಿಗೂ ಸಿಗಲಾರದು. "ಮಾವ ಬಂದ್ರು!" ಎಂದು ನಾಲ್ವರು ಕಲಿಕೆಯ ಡಾಕ್ಟರುಗಳು ಓಡಿಬಂದರು. ಮೇಡಂ ಬೇರೆ ಊರಿಗೆ ಸಭೆಗೆ ಹೋಗಿದ್ದರು. ಹೋಗುವಾಗ ಪರೀಕ್ಷೆ ಇಟ್ಟು ಹೋಗಿದ್ದಾರೆ ಎಂದೇ ಮಕ್ಕಳು ತಿಳಿದರು. ಇಬ್ಬರು ಮೊಬೈಲ್ ಎತ್ತಿದರು. ಒಬ್ಬಳು, ಎರಡು ಜಡೆಯ ಹುಡುಗಿ, ಕೈಯುಜ್ಜಿ ಬೆಚ್ಚಗೆ ಮಾಡಿಕೊಂಡು ವಿಡಿಯೋದಲ್ಲಿ ಇದ್ದ ಹಾಗೆಯೇ ಹೊಟ್ಟೆಯ ಬಲಬದಿ ನಿಧಾನಕ್ಕೆ ಒತ್ತಿ ಥಟ್ಟನೆ ಬಿಟ್ಟಳು. ಮಾವನ ಕಣ್ಣೆದುರು ಕತ್ತಲೆ ಬಂತು. ಕಿರುಚಲು ಉಸಿರೇ ಇರಲಿಲ್ಲ. ಕಣ್ಣು ಮುಚ್ಚಿದರು, ಅಷ್ಟೆ.

"ಮಾವ, ಇವತ್ತು ಯಾಕೋ ಬರ್ತಿಲ್ಲ. ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ರಿ! ಇನ್ನೊಂದ್ಸಲ ಮಾಡೋಣ್ವಾ?" ಅಂದ ಮೊಬೈಲಿನವನು.

ತನ್ನ ನೋವಿಗಿಂತ ತನ್ನ ನಟನೆಯೇ ಮೇಲು ಎನ್ನಿಸಿಕೊಂಡಾಗ ಮಾವನಿಗೆ ಅಳು ಬಂತು. ಅಲ್ಲೇ ಸಾಯುತ್ತೇನೆ ಎಂದು ಅವರಿಗೆ ನಿಜವಾಗಿ ಭಯವಾಯಿತು. ಊದಿದ ಅಪೆಂಡಿಕ್ಸ್ ಒಡೆದರೆ ಏನಾಗುತ್ತದೆಂದು ಲಿಫ್ಟಿನಲ್ಲಿ ಅವರು ನೋಡಿದ್ದರು. ಮೇಲೆ ಹೋದ ಕೆಲವರನ್ನು ಮುಖ ಮುಚ್ಚಿ ಕೆಳಗಿಳಿಸಿದ್ದರು.

"ಅಯ್ಯೋ ನಿಜವಾಗ್ಲೂ ನೋವಿದೆಯಪ್ಪಾ ಅವರಿಗೆ!" ಅತ್ತೆ ಕೂಗಿದರು.

"ಅತ್ತೇನೂ ಕಲಿತ್ಬಿಟ್ಟಿದಾರೆ" ಎಂದು ಎಲ್ಲರೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಎರಡು ಜಡೆಯವಳು ಮಾವನ ಕೊರಳು ತಡಕಿದಳು. "ಚೀಟಿ ಎಲ್ಲಿ ಮಾವ? ಚೀಟಿ ಇಲ್ದೆ ಜ್ವರ ಎಷ್ಟು ಅಂತ ಹೇಗೆ ಹೇಳೋದು?"

ಮೊಳ ದೂರದ ತಟ್ಟೆಯಲ್ಲಿ ಥರ್ಮಾಮೀಟರು ಇತ್ತು. ಅದರ ಕಡೆ ನೋಡುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಆ ಥರ್ಮಾಮೀಟರನ್ನು ಕಿತ್ತುಕೊಂಡು ಗಂಡನ ಕಂಕುಳಲ್ಲಿಟ್ಟರು. ಚೀಟಿಯೇ ಬೇಕೇ ಇವುಗಳಿಗೆ, ಕೊಡುತ್ತೇನೆ ತಡಿ ಎಂದು ಕೈಗವಸಿನ ಖಾಲಿ ಡಬ್ಬಿ ಹರಿದು, ಒಬ್ಬನ ಜೇಬಿನ ಪೆನ್ನು ಸೆಳೆದು ದಪ್ಪಕ್ಷರದಲ್ಲಿ ಬರೆದರು. ಕೊರಳಿಗೆ ಕಟ್ಟಲು ದಾರವಿಲ್ಲದೆ ಅಂಗಿಯ ಗುಂಡಿಗೆ ಸಿಕ್ಕಿಸಿದರು.

ಎರಡು ಜಡೆಯವಳು ಓದಿದಳು. "ಜ್ವರ 102.4. ಇವರು ಸುಮ್ಮನಿದ್ದಾರೆ, ಅದೇ ರೋಗ."

ಓದಿ, ಮತ್ತೆ ಓದಿದಳು. "ಪಾಯಿಂಟ್ ನಾಲ್ಕಾ?" ಅಂದಳು. ಮೇಡಂ ಬರೆದ ಚೀಟಿಯಲ್ಲಿ ಎಂದೂ ಪಾಯಿಂಟ್ ಇರುತ್ತಿರಲಿಲ್ಲ. ನೂರು, ನೂರೊಂದು, ನೂರೆರಡು. ಸುಳ್ಳು ಜ್ವರ ಯಾವಾಗಲೂ ತುಂಡಿಲ್ಲದೆ ಬರುತ್ತಿತ್ತು. ಅವಳು ಅಂಗೈಯನ್ನು ಮಾವನ ಹಣೆಯ ಮೇಲಿಟ್ಟಳು. ಇಟ್ಟ ಕೈಯನ್ನು ತೆಗೆಯದೆ "ಮೊಬೈಲ್ ಇಡ್ರೋ!" ಎಂದು ಕಿರುಚಿದಳು.

ಆಮೇಲೆ ಸ್ಟ್ರೆಚರ್ ಓಡಿತು. ಈಗ ಯಾರೂ ನಡೆಸದ ಲಿಫ್ಟಿನೊಳಗೆ ನಾಲ್ವರೂ ಗಾಬರಿಯಲ್ಲಿ ಸಿಕ್ಕಸಿಕ್ಕ ಗುಂಡಿ ಒತ್ತಿದರು. ಮಲಗಿದ್ದಲ್ಲಿಂದಲೇ ಮಾವ ಕೈ ಚಾಚಿ ಸರಿಯಾಗಿ ಥಿಯೇಟರಿನ ಮಹಡಿ, ಮೂರನ್ನು ಒತ್ತಿದರು.

ಅಪೆಂಡಿಕ್ಸ್ ಇನ್ನೇನು ಒಡೆಯುವುದರಲ್ಲಿತ್ತು ಎಂದು ಕತ್ತರಿಸಿದವರು ಹೇಳಿದರು. ಮೇಡಂ ಓಡಿಬಂದು ಮಾವನ ಕಾಲ ಬಳಿ ಕೂತು ಅತ್ತರು. ಅವರ ಹೊಸ ವಿಡಿಯೋದಲ್ಲಿ ಈಗ ಮಾವ ಒಂದು ನಿಮಿಷ ಪೂರ್ತಿ ಅಲ್ಲಾಡದೆ ಮಲಗಿರುತ್ತಾರೆ. ಚೀಟಿ ಇಲ್ಲ. ನೋಡುವವರು ಹನ್ನೊಂದು ಸಾವಿರ. ಎರಡು ಜಡೆಯವಳು ದಿನಾ ನೋಡುತ್ತಾಳಂತೆ.

ಮನೆಯಲ್ಲಿ ಮಾತ್ರ ಮಾವನ ಪಾಡು ಬೇರೆ. ಮೊನ್ನೆ ಸಂಜೆ ಕಿಟಕಿಯ ಬಳಿ ಹಾಯಾಗಿ ಕೂತು ಬೀದಿ ನೋಡುತ್ತಿದ್ದರು. ಎರಡು ನಿಮಿಷ ಕಳೆದಿರಲಿಲ್ಲ, ಒದ್ದೆ ಕೈಯಲ್ಲೇ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಥರ್ಮಾಮೀಟರು, ಮುಖದಲ್ಲಿ ರಕ್ತವಿಲ್ಲ.

"ಯಾಕ್ರೀ ಸುಮ್ನಿದೀರಾ?"

ಮಹಡಿಯ ಮೇಲೆ ಮಾತಾಡುತ್ತ ನಿಂತ ಆ ಬೆಳಗಿಗಾಗಿ ಅತ್ತೆ ಇನ್ನೂ ತಮ್ಮನ್ನು ತಾವು ಕ್ಷಮಿಸಿಕೊಂಡಿಲ್ಲ ಎಂದು ಮಾವನಿಗೆ ಗೊತ್ತು. ಅವರು ಸೊಂಟ ಹಿಡಿದುಕೊಂಡು, ಮೇಲಿನ ಮನೆಗೂ ಕೇಳುವಂತೆ, "ಅಯ್ಯಯ್ಯಮ್ಮಾ, ಹೋದೆ, ಸತ್ತೆ" ಎಂದು ನರಳಿದರು.

"ಸದ್ಯ" ಎಂದು ಉಸಿರು ಬಿಟ್ಟು ಅತ್ತೆ ಒಳಗೆ ಹೋದರು.