ಹೆಸರು ಬಾರದ ಪಟ್ಟಿ

ಇವತ್ತು ನಮ್ಮೂರು ಮನ್ರೋದಲ್ಲಿ ಹಿಮ ಬೀಳುತ್ತಿದೆ. ತಮ್ಮನ ಶಾಲೆ ಬೇಗ ಬಿಡುತ್ತದೆಯೇ ಎಂದು ನೋಡಲು ಟಿವಿ ಚಾನೆಲ್ಲಿನ ವೆಬ್‌ಸೈಟ್ ತೆರೆದೆ. ಹಿಮದ ದಿನ ಶಾಲೆ ಬೇಗ ಬಿಡುವ ಊರುಗಳ ಪಟ್ಟಿಯನ್ನು ಅಲ್ಲಿ ಹಾಕುತ್ತಾರೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಹಿಮ ಬಿದ್ದ ಒಂದು ದಿನ ಅಮ್ಮ ಇದೇ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟು ಆಫೀಸಿಗೆ ಹೋಗಿದ್ದಳು. ಮೈಸೂರಿನಿಂದ ಬಂದಿದ್ದ ಅಜ್ಜಿಗೆ, "ನಮ್ಮೂರ ಹೆಸರು ಬಂದ್ರೆ ಇವಳ ಬಸ್ ಬೇಗ ಬರತ್ತೆ ಅತ್ತೆ, ಸ್ಟಾಪಿಗೆ ಹೋಗಿ ನಿಂತ್ಕೊಳ್ಳಿ" ಎಂದಿದ್ದಳು.

ಅವತ್ತು ಮಧ್ಯಾಹ್ನವೇ ಬಸ್ಸು ನನ್ನನ್ನು ಇಳಿಸಿ ಹೋಯಿತು. ಸ್ಟಾಪಿನಲ್ಲಿ ಅಜ್ಜಿ ಇರಲಿಲ್ಲ. ನಮ್ಮದು ಹೊಸ ಬಡಾವಣೆ, ಮನೆಗಳೆಲ್ಲ ಒಂದೇ ಥರ. ನಂಬರುಗಳನ್ನು ಹಿಮ ಮುಚ್ಚಿತ್ತು. ಎರಡು ಬಾಗಿಲು ತಟ್ಟಿದೆ, ಯಾರೂ ತೆರೆಯಲಿಲ್ಲ. ಅಜ್ಜಿ ಸತ್ತೇಹೋಗಿರಬೇಕು ಅನ್ನಿಸಿತು.

ಕೊನೆಗೆ ಒಂದು ಕಿಟಕಿಯಲ್ಲಿ, ಸೀರೆಯ ಮೇಲೆ ಅಪ್ಪನ ಸ್ವೆಟರ್ ತೊಟ್ಟ ಬೆನ್ನು ಕಂಡಿತು. ಅಜ್ಜಿ ಲ್ಯಾಪ್‌ಟಾಪಿನೆದುರು ಕೂತಿದ್ದಳು. ಗಾಜು ಬಡಿದೆ.

"ಅಯ್ಯೋ ಪುಟ್ಟಿ, ಬೆಳಗ್ಗೆಯಿಂದ ಕಣ್ಣು ಕೀಳದೆ ನೋಡ್ತಿದೀನಿ, ಹೆಸರೇ ಬರ್ಲಿಲ್ವಲ್ಲೇ!" ಎನ್ನುತ್ತ ನನ್ನ ಒದ್ದೆ ಕೈಗಳನ್ನು ಸ್ವೆಟರಿನೊಳಗೆ ಎಳೆದುಕೊಂಡಳು. ಹೊಸ ಹೆಸರುಗಳು ಕಾಣಬೇಕಾದರೆ ಪುಟವನ್ನು ಆಗಾಗ ರಿಫ್ರೆಶ್ ಮಾಡಬೇಕೆಂದು ಅಮ್ಮ ಹೇಳಿಕೊಟ್ಟಿರಲಿಲ್ಲ.

ಇವತ್ತು ನಿಮಿಷಕ್ಕೊಮ್ಮೆ ರಿಫ್ರೆಶ್ ಒತ್ತುತ್ತಿದ್ದೇನೆ. ನಮ್ಮೂರ ಹೆಸರು ಇನ್ನೂ ಬಂದಿಲ್ಲ. ಆದರೂ ಜಾಕೆಟ್ ಹಾಕಿಕೊಂಡೆ, ತಮ್ಮನ ಬಸ್ ಸ್ಟಾಪಿಗೆ ಹೊರಟಿದ್ದೇನೆ.