ಕೊನೆಯ ಮಗ್ಗದ ಬಲ್ಬು

ನನ್ನನ್ನು ಹಟಮಾರಿ ಎಂದವರೆಲ್ಲ ಸರಿಯಾಗಿಯೇ ಅಂದಿದ್ದಾರೆ. ಹಟ ಮಾಡದೇ ಹೋಗಿದ್ದರೆ ಹದಿನೆಂಟನೇ ವಯಸ್ಸಿಗೇ ಮಗ್ಗ ಬಿಟ್ಟು ಎದ್ದು, ಮಿಕ್ಕ ಆಯಸ್ಸನ್ನೆಲ್ಲ ರಾಟೆ ತಿರುಗಿಸುತ್ತ ಕಳೆದಿರುತ್ತಿದ್ದೆ.

ಕೊಳ್ಳೇಗಾಲ ಆಗಿನ್ನೂ ಮದರಾಸಿನವರ ಕೈಯಲ್ಲಿತ್ತು. ನಮ್ಮ ಮನೆಯ ಪಡಸಾಲೆಯಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಮೂರು ಗುಂಡಿ ಮಗ್ಗಗಳಿದ್ದವು. ಇದ್ದ ಒಂದೇ ಕಿಟಕಿಯ ಪಕ್ಕ ದೊಡ್ಡಪ್ಪನದು, ನಡುವೆ ಅವರ ಮಗನದು, ಹಿಂದಿನ ಗೋಡೆಗೆ ಒತ್ತಿಕೊಂಡು ನಮ್ಮಪ್ಪನದು. ದೊಡ್ಡಪ್ಪನ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ನಮ್ಮಪ್ಪನ ಎರಡೂ ಕಣ್ಣಿಗೆ ಪೊರೆ ಬಂದು, ರೇಷ್ಮೆಯ ಎಳೆ ಕಾಣದಾದಾಗ ಅವರು ಮಗ್ಗದಿಂದ ಎದ್ದರು. ಆ ಜಾಗದಲ್ಲಿ ನಾನು ಕೂತೆ. ಯಾರೂ ಕೂರು ಎನ್ನಲಿಲ್ಲ, ನಾನು ಯಾರನ್ನೂ ಕೇಳಲಿಲ್ಲ. ಹನೂರಿನ ಕಡೆಯಿಂದ ಬರುವ ರೇಷ್ಮೆಯನ್ನು ಏಳನೇ ವಯಸ್ಸಿನಿಂದ ರಾಟೆಯಲ್ಲಿ ಸುತ್ತಿದ್ದವಳು ನಾನು. ಅಪ್ಪನ ಕೈ ಹೇಗೆ ಓಡುತ್ತದೆ ಎಂದು ದಿನವೂ ನೋಡಿದ್ದವಳು.

ದೊಡ್ಡಪ್ಪನಿಗೆ ಉರಿದು ಹೋಯಿತು. ಯಳಂದೂರಿನಲ್ಲಿ ಅವರ ಅಳಿಯ ಕೆಲಸವಿಲ್ಲದೆ ಕೂತಿದ್ದ. ಅವನನ್ನು ಕರೆಸಿ ಆ ಮಗ್ಗಕ್ಕೆ ಕೂರಿಸಬೇಕೆಂದು ಅವರು ಆಗಲೇ ಲೆಕ್ಕ ಹಾಕಿದ್ದರು.

"ನೋಡಮ್ಮಿ," ಎಂದರು ಒಂದು ದಿನ. "ಈ ಸೀರೆ ಮುಗಿಯೋಗಂಟ ಕೂತ್ಕ. ಮಗ್ಗದಿಂದ ಕೊಯ್ದಾಗ ನಾನು ನೋಡ್ತೀನಿ. ಒಂದೇ ಒಂದು ತಪ್ಪು ಕಂಡ್ರೂ ಎದ್ದು ರಾಟೆ ಮುಂದಕ್ಕೆ ಓಗು. ಅಳಿಯ ಬತ್ತಾನೆ."

"ಕಾಣದಿದ್ರೆ?"

"ಕಾಣದಿದ್ರೆ ಆಗ ನೋಡವ."

ಅದು ಮದುವೆಯ ಸೀರೆ, ಅಂಚಿಗೆ ಅಗಲವಾದ ಜರಿ. ನನ್ನ ಮೂಲೆಯಲ್ಲಿ ಮೂರೂವರೆ ಗಂಟೆಗೇ ಎಳೆಗಳು ಒಂದಕ್ಕೊಂದು ಬೆರೆತುಹೋಗುತ್ತಿದ್ದವು. ಹಾಗಾಗಿ ನಮ್ಮ ಬೀದಿಗೆ ಕರೆಂಟು ಬರುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ.

ವೈರು ಎಳೆಯಲು ಬಂದವನು ಪಾಲಾರು ಹೊಳೆಯ ಆಚೆಯ ತಮಿಳು ಸೀಮೆಯವನು. ಅರ್ಧ ಕನ್ನಡ, ಅರ್ಧ ತಮಿಳು. ದೊಡ್ಡಪ್ಪ ಅವನ ಮುಂದೆ ಮೊದಲೇ ಒಂದು ಕಟ್ಟಳೆ ಇಟ್ಟರು. ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚುವುದಕ್ಕೊಂದು ಕ್ರಮವಿತ್ತು. ದೇವರ ದೀಪದಿಂದ ದೊಡ್ಡಪ್ಪನ ದೀಪ ಹತ್ತಬೇಕು, ಅವರದರಿಂದ ಅಣ್ಣನದು, ಅಣ್ಣನದರಿಂದ ನಮ್ಮದು. ಬೇರೆ ಕಡ್ಡಿ ಗೀರಿ ನಮ್ಮ ದೀಪ ನಾವೇ ಹಚ್ಚಿಕೊಂಡರೆ ಮನೆ ಒಡೆಯುತ್ತದೆ ಎಂಬ ನಂಬಿಕೆ. ಕರೆಂಟೂ ಹಾಗೆಯೇ ಬರಬೇಕು ಎಂದರು. ಮೊದಲು ದೊಡ್ಡಪ್ಪನ ಬಲ್ಬಿನೊಳಕ್ಕೆ ಹೋಗಿ, ಅದರಿಂದ ಹೊರಟು ಅಣ್ಣನ ಬಲ್ಬಿಗೆ, ಅದರಿಂದ ಹೊರಟು ನನ್ನದಕ್ಕೆ, ಆಮೇಲೆ ವಾಪಸು. ಒಂದೇ ಎಳೆ.

"ಅಯ್ಯಾ, ಇದು ವೇಂಡಾ," ಎಂದ ವೈರಿನವನು. "ಒಂದೊಂದು ಬಲ್ಬಿಗೂ ಮೈನ್ ಲೈನಿನಿಂದ ಎರಡೆರಡು ವೈರು ತನಿಯಾಗಿ, ಬೇರೆ ಬೇರೆ ಕೊಡೋಣ."

"ಮನೆ ಯಾರ್ದು?" ಎಂದರು ದೊಡ್ಡಪ್ಪ. ಅವನು ಮರದ ಪಟ್ಟಿ ಹೊಡೆದು, ಅವರು ಹೇಳಿದಂತೆಯೇ ಎಳೆದು ಹೋದ.

ಬಲ್ಬು ತಂದದ್ದೂ ಹಿರಿತನದ ಪ್ರಕಾರವೇ. ದೊಡ್ಡಪ್ಪನಿಗೆ ನೂರು ವ್ಯಾಟಿನದು, ಅಣ್ಣನಿಗೆ ಅರವತ್ತು, ನನಗೆ ಇಪ್ಪತ್ತೈದು. "ಮೂಲೆಗೆ ಅಷ್ಟು ಸಾಕು ಬಿಡು" ಎಂದರು. ಸಂಜೆ ದೇವರಿಗೆ ಕೈಮುಗಿದು ಸ್ವಿಚ್ಚು ಒತ್ತಿದರು. ನೂರರದು ಕಪ್ಪಾಗಿಯೇ ಇತ್ತು. ಅಣ್ಣನದರೊಳಗೆ ಆರುವ ಕೆಂಡದಂತೆ ಒಂದು ಕೆಂಪು ಎಳೆ. ನನ್ನ ಮೂಲೆಯ ಇಪ್ಪತ್ತೈದು ಮಾತ್ರ ಚೆನ್ನಾಗಿ ಬೆಳಗಿತು.

ಒಳಗೊಳಗೇ ನಕ್ಕೆ. ಸುಳ್ಳು ಯಾಕೆ ಹೇಳಲಿ, ಹೊರಗೂ ನಕ್ಕೆ.

"ಆ ವೈರಿನೋನಿಗೆ ಏನಂದಿದ್ದೆ ನೀನು?" ಎಂದರು ದೊಡ್ಡಪ್ಪ.

"ಕುಡಿಯಾಕೆ ನೀರು ಕೊಟ್ಟಿದ್ದೆ ಅಷ್ಟೆಯ."

ಅಂಗಡಿಯವನು ಕೆಟ್ಟ ಬಲ್ಬು ಕೊಟ್ಟಿದ್ದಾನೆ ಎಂದು ತೀರ್ಮಾನಿಸಿ, ನನ್ನ ಬಲ್ಬು ಬಿಚ್ಚಿ ತಮ್ಮ ಹೋಲ್ಡರಿಗೆ ಹಾಕಿಕೊಂಡರು. ತಮ್ಮದನ್ನು ನನ್ನದಕ್ಕೆ ಸಿಕ್ಕಿಸಿದರು. ಈಗ ಅವರ ಮಗ್ಗದ ಮೇಲೆ ಬೆಳಕು, ನನ್ನ ಮೂಲೆಯಲ್ಲಿ ಕತ್ತಲು. ಅವರಿಗೆ ತೃಪ್ತಿಯಾಯಿತು. ನಾನು ಹಳೆಯ ಸೀಮೆಎಣ್ಣೆ ಬುಡ್ಡಿ ತೆಗೆದೆ. ಅದನ್ನೂ ಬೇಡವೆಂದರು. ಕರೆಂಟು ಬಂದ ಮನೆಯಲ್ಲಿ ಹೊಗೆ ಯಾಕೆ, ಜರಿ ಕಪ್ಪಾಗುತ್ತದೆ ಎಂದರು. ಒಂದು ವಾರ ಬೆರಳಿನಿಂದ ಎಳೆ ತಡಕಿ ನೇಯ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅರ್ಧ ಆಯಾಸಕ್ಕೆ, ಅರ್ಧ ಸಿಟ್ಟಿಗೆ.

ಒಂದು ಸಂಜೆ, ಈ ಬಲ್ಬು ಸತ್ತಿದೆಯೋ ಬದುಕಿದೆಯೋ ನೋಡೋಣವೆಂದು ಕೈ ಹಾಕಿದೆ. ಅದು ಬೆಚ್ಚಗೂ ಇರಲಿಲ್ಲ. ತಿರುಗಿಸಿ ಬಿಚ್ಚಿದೆ. ತಕ್ಷಣ ಇಡೀ ಪಡಸಾಲೆ ಕತ್ತಲಾಯಿತು.

"ಕರೆಂಟು ಓಯ್ತು," ಎಂದರು ದೊಡ್ಡಪ್ಪ.

ಮತ್ತೆ ಸಿಕ್ಕಿಸಿದೆ. ಅವರ ಬಲ್ಬು ಹತ್ತಿತು. ಮತ್ತೆ ಬಿಚ್ಚಿದೆ, ಆರಿತು. ಮೂರನೇ ಸಲಕ್ಕೆ ನನಗೆ ಅರ್ಥವಾಯಿತು. ಉರಿಯದ ನನ್ನ ಬಲ್ಬನ್ನು ದಾಟಿಯೇ ಅವರ ಬೆಳಕು ಬರಬೇಕು. ಒಂದೇ ಎಳೆ ಬೇಕು ಎಂದಿದ್ದರಲ್ಲ, ಆ ಎಳೆಯ ತುದಿ ನನ್ನ ಕೈಯಲ್ಲಿತ್ತು.

ಮರುದಿನ ಸಂಜೆ ಬಲ್ಬು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತೆ.

"ಆಕಮ್ಮಿ ಅದ," ಎಂದರು ದೊಡ್ಡಪ್ಪ.

"ಆಕಾಕಿಲ್ಲ. ಬೆಳಕು ಬಂದ್ರೆ ಎಲ್ಲಾರ್ಗೂ ಬರ್ಲಿ. ಇಲ್ದಿದ್ರೆ ಯಾರ್ಗೂ ಬ್ಯಾಡ."

ಅವರು ನಮ್ಮಪ್ಪನ ಕಡೆ ತಿರುಗಿದರು. "ನಿನ್ ಮಗಳಿಗೆ ಬುದ್ಧಿ ಏಳು."

ಅಪ್ಪ ಗೋಡೆಗೆ ಒರಗಿ ಕೂತಿದ್ದರು. "ನನಗೆ ಎರಡೂ ಒಂದೇ ಅಣ್ಣ," ಎಂದರು. "ಬೆಳಕು ಬೇಕಾದೋರು ನೀವಿಬ್ರು. ನೀವೇ ಮಾತಾಡ್ಕಳಿ."

ಅಣ್ಣ ಲಾಳಿ ಕೆಳಗಿಟ್ಟು ಬೀದಿಗೆ ಹೋದ. ಅವನು ನಗುತ್ತಿದ್ದನೆಂದು ನನಗೆ ಗೊತ್ತು. ಮೂರು ಸಂಜೆ ಹೀಗೇ ಆಯಿತು. ದೊಡ್ಡಮ್ಮ ನನ್ನೊಂದಿಗೆ ಮಾತು ಬಿಟ್ಟರು. ಊಟ ಬಡಿಸುವಾಗ ಮುದ್ದೆಯನ್ನು ತಟ್ಟೆಗೆ ಕುಕ್ಕುತ್ತಿದ್ದರು. ನಾನೂ ಗಟ್ಟಿಯಾಗಿ ಮುರಿದು ತಿನ್ನುತ್ತಿದ್ದೆ. ಭಯವಿರಲಿಲ್ಲವೇ ಎಂದರೆ ಇತ್ತು. ಯಳಂದೂರಿಗೆ ಒಂದು ಕಾಗದ ಹಾಕಿದರೆ ನನ್ನ ಕಥೆ ಮುಗಿಯುತ್ತಿತ್ತು. ಆದರೂ ಬಲ್ಬು ಕೊಡಲಿಲ್ಲ.

ನಾಲ್ಕನೇ ದಿನ ದೊಡ್ಡಪ್ಪನೇ ಹೋಗಿ ವೈರಿನವನನ್ನು ಕರೆತಂದರು. ಅವನು ಮೂರೂ ಬಲ್ಬು ನೋಡಿ ಹಣೆ ಚಚ್ಚಿಕೊಂಡ. ಕೂತು, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ. ದೊಡ್ಡ ಬಲ್ಬಿನೊಳಗಿನ ಎಳೆ ದಪ್ಪ, ಕರೆಂಟು ಅದರಲ್ಲಿ ಸಲೀಸಾಗಿ ದಾಟಿಬಿಡುತ್ತದೆ. ಚಿಕ್ಕದರ ಎಳೆ ತೆಳ್ಳಗೆ, ದಾಟುವುದು ಕಷ್ಟ. ಒಂದೇ ಸಾಲಿನಲ್ಲಿ ಕಟ್ಟಿದರೆ ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಹೆಚ್ಚು ಅಡ್ಡಿ ಇರುವ ಚಿಕ್ಕದೇ ಹೆಚ್ಚು ಕಾಯುತ್ತದೆ, ಹೆಚ್ಚು ಬೆಳಗುತ್ತದೆ. ಮೈನ್ ಲೈನಿನಿಂದ ಒಂದೊಂದಕ್ಕೂ ಬೇರೆ ಬೇರೆ ಕೊಟ್ಟರೆ ಎಲ್ಲಕ್ಕೂ ಪೂರ್ತಿ ಬಲ ಸಿಗುತ್ತದೆ. ಆಗ ನೂರು ನೂರರಂತೆ, ಇಪ್ಪತ್ತೈದು ಇಪ್ಪತ್ತೈದರಂತೆ. ಒಂದು ಬಿಚ್ಚಿದರೆ ಇನ್ನೊಂದು ಆರುವುದಿಲ್ಲ.

"ಬ್ಯಾರೆ ಬ್ಯಾರೆ ಅಂದ್ರೆ ಮನೆ ಒಡ್ದಂಗಲ್ವಾ?" ಎಂದರು ದೊಡ್ಡಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು. ಆ ಮನೆಯನ್ನು ಒಂದಾಗಿ ಇಡಲು ಅವರು ಪಟ್ಟ ಪಾಡು ನನಗೂ ಗೊತ್ತಿತ್ತು. ಆದರೆ ಅದಕ್ಕೆ ನನ್ನ ಕಣ್ಣು ಕೊಡಲು ನಾನು ಸಿದ್ಧಳಾಗಿರಲಿಲ್ಲ.

"ನೀವು ಉಂಡೆದ್ದ ಎಲೇಲೇ ಅಣ್ಣಂಗೆ ಬಡಿಸ್ತಾರಾ, ದೊಡ್ಡಪ್ಪ?" ಎಂದೆ. "ಮೂರು ಎಲೆ ಆಕಲ್ವಾ? ಮಾಡೋ ಒಲೆ ಒಂದೇ ತಾನೆ? ಮನೆ ಎಲ್ಲಿ ಒಡೀತು?"

ವೈರಿನವನು ತಲೆ ತಗ್ಗಿಸಿ ಮೊಳೆ ಎಣಿಸತೊಡಗಿದ. ದೊಡ್ಡಪ್ಪ, "ಮೂರಕ್ಕೂ ಬ್ಯಾರೆ ವೈರು ಎಳಿ," ಎಂದು ಎದ್ದುಹೋದರು.

ಸಂಜೆ ಸ್ವಿಚ್ಚು ಒತ್ತಿದಾಗ ನನ್ನ ಮೂಲೆಯ ನೂರು ವ್ಯಾಟಿನ ಬಲ್ಬು ಹಿಂದಿನ ಗೋಡೆಯ ಬಿರುಕನ್ನೂ ತೋರಿಸಿತು. ದೊಡ್ಡಪ್ಪನ ಮಗ್ಗದ ಮೇಲಿದ್ದದ್ದು ಅವರೇ ನನ್ನಿಂದ ಬಿಚ್ಚಿಕೊಂಡ ಇಪ್ಪತ್ತೈದು. ಮತ್ತೆ ಬದಲಿಸು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬದಲಿಸಿ ಕೊಡಲು ನನಗೆ ಮನಸ್ಸು ಬರಲಿಲ್ಲ.

ಅಲ್ಲಿಂದ ಹನ್ನೊಂದು ದಿನಕ್ಕೆ ಸೀರೆ ಮುಗಿಯಿತು. ಕೊಯ್ದು ಕೊಟ್ಟೆ. ದೊಡ್ಡಪ್ಪ ಅದನ್ನು ನನ್ನ ಬಲ್ಬಿನ ಕೆಳಗೇ ಹಿಡಿದು ಮೊಳ ಮೊಳ ಸರಿಸಿ ನೋಡಿದರು. ನಡುವೆ ಒಂದು ಕಡೆ ಅವರ ಹೆಬ್ಬೆರಳು ನಿಂತಿತು. ಜರಿಯ ಅಂಚಿನಲ್ಲಿ ಎರಡು ಎಳೆ ತಪ್ಪಿತ್ತು.

"ಏನಿದು?"

"ಅದು ನಾನು ಕತ್ತಲಲ್ಲಿ ಕೂತಿದ್ದ ವಾರದ್ದು. ಆ ತಪ್ಪು ನನ್ದಲ್ಲ, ನಿಮ್ದು," ಎಂದೆ. "ಅದಕ್ಕೂ ಮುಂಚೆ ನೋಡಿ, ಅದಾದ್ಮೇಲೆ ನೋಡಿ. ಎಲ್ಲಾದ್ರೂ ಇದ್ರೆ ಈಗ್ಲೇ ಏಳ್ತೀನಿ. ಇದೊಂದಕ್ಕೆ ಏಳಾಕಿಲ್ಲ."

ಅವರು ಕೊನೆಯವರೆಗೂ ನೋಡಿದರು. ಸೀರೆ ಮಡಿಸಿಕೊಂಡು ಹೋದರು. ನಾನು ಎದ್ದೇಳಲಿಲ್ಲ.

ಮರುದಿನ ಬೆಳಗ್ಗೆ ಸೀರೆ ಕೊಳ್ಳುವ ಸಾಹುಕಾರರು ಬಂದರು. ಅವರ ಕಣ್ಣಿಗೂ ಅದೇ ಜಾಗ ಬಿತ್ತು. "ಇದ್ಯಾರ ಕೈ ಸ್ವಾಮಿ? ಆ ಮೂಲೆ ಹುಡುಗೀದಾ?" ಎಂದರು.

ಅಣ್ಣನ ಮಗ್ಗ ನಿಂತಿತು. ದೊಡ್ಡಪ್ಪ ಲಾಳಿಯಿಂದ ತಲೆ ಎತ್ತಲಿಲ್ಲ.

"ಸೀರೆ ಅವಳ್ದು," ಎಂದರು. "ತಪ್ಪು ನಂದು ಕಣ್ರಿ."

ಸಾಹುಕಾರರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಅದಕ್ಕಾಗಿ ಅವರಿಗೆ ಅಂದೂ ಕೈಮುಗಿಯಲಿಲ್ಲ, ಆಮೇಲೂ ಮುಗಿಯಲಿಲ್ಲ. ಅವರು ಹೇಳಿದ್ದು ನಿಜ, ನಿಜಕ್ಕೆ ಯಾಕೆ ಕೈಮುಗಿಯಬೇಕು. ಆ ಮಧ್ಯಾಹ್ನವೇ ಮುಂದಿನ ಸೀರೆಗೆ ಹಾಸಿನ ಎಳೆಗಳನ್ನು ಮಗ್ಗಕ್ಕೆ ಏರಿಸಿದೆ.