ಎರಡನೆಯ ಡಿಸ್ಕು

ಎರಡನೆಯ ಡಿಸ್ಕು ಖಾಲಿ ಇತ್ತು, ವೈನಿ. ಮೊದಲ ದಿನದಿಂದಲೂ ಖಾಲಿಯೇ ಇತ್ತು. ನಿಮ್ಮ ಕೈಯಿಂದ ಏನೂ ಕೆಟ್ಟಿರಲಿಲ್ಲ. ಕೆಡಿಸಿದವನು ನಾನು, ಅದನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ.

ಇಷ್ಟು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣ ಮಾತು! ಆವತ್ತೇ ಬಾಯಿಬಿಟ್ಟಿದ್ದರೆ ಭರಮಣ್ಣನ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಆಮೇಲೆ ನಾಲ್ಕು ದಿನ ಬಿಟ್ಟು ನೀವೇ ಚಹಾ ಕೊಡುತ್ತಿದ್ದಿರಿ.

ಆಗ ಗೋಕಾಕಿನ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಆರು ತಿಂಗಳ ಕೋರ್ಸು ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟಿದ್ದೆ. ಜನ ಎಂಜಿನಿಯರ್ ಎಂದು ಕರೆಯತೊಡಗಿದರು. ಅಲ್ಲ ಎಂದು ನಾನು ಒಬ್ಬರಿಗೂ ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು ಚಟವಾಯಿತು. "ನನಗ ಗೊತ್ತಿಲ್ಲ" ಎನ್ನುವ ಎರಡು ಶಬ್ದ ನನ್ನ ಬಾಯಿಂದ ಬಿದ್ದೇ ಹೋದವು.

ನಿಮ್ಮ ಗಂಡ ಭರಮಣ್ಣ ಅಂಗಡಿಗೆ ಬಂದದ್ದು ಫೋಟೊ ಹಾಕಿಕೊಡುವ ಕವರಿನ ಹಿಂದೆ ಒಂದು ಚಿತ್ರ ಬರೆದುಕೊಂಡು. ಯಮಕನಮರಡಿಯ ಹೆದ್ದಾರಿಗೆ ಹೊಂದಿ ಅವನ ಸ್ಟುಡಿಯೋ, ಹಿಂದೆ ಮನೆ. ಸುತ್ತಲಿನ ಹಳ್ಳಿಗಳ ಇಪ್ಪತ್ತೈದು ವರ್ಷದ ಮುಖಗಳೆಲ್ಲ ನೆಗೆಟಿವ್‌ಗಳಾಗಿ ತಗಡಿನ ಡಬ್ಬಿಗಳಲ್ಲಿದ್ದವು. ತೇವಕ್ಕೆ ಅವುಗಳ ಮೇಲೆ ಬಿಳಿ ಬೂಸು ಹತ್ತತೊಡಗಿತ್ತು.

"ಮಲ್ಲಪ್ಪಾ, ಈ ಫೋಟೊ ಎಲ್ಲಾ ಇಡಾಕ ಮನ್ಯಾಗ ಒಂದ ಸರ್ವರ್ ಇಡಬೇಕಂತ ಮಾಡೇನಿ. ಒಳಗ ಕುಂತ ಪದ್ಮಾ ಹಾಕಬೇಕು, ಹೊರಗ ಸ್ಟುಡಿಯೋದಾಗ ನಾ ತಗೀಬೇಕು. ನಂಗ ಇದರಾಗಿಂದು ಏನೂ ತಿಳಿಯೂದಿಲ್ಲ. ಸಸ್ತಾದಾಗ ಆಗಬೇಕ ನೋಡು," ಎಂದ.

ಆ ದಿನ ನಾನು ಕೊಟ್ಟ ಸಲಹೆ ಇವತ್ತಿಗೂ ತಪ್ಪಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಫೋಟೊ ಇಟ್ಟುಕೊಂಡು ಕೇಳಿದಾಗ ಕೊಡುವ ಯಂತ್ರಕ್ಕೆ ಭಾರೀ ಪ್ರೊಸೆಸರ್ ಬೇಡ, ಹೊಸ ಮಾನಿಟರ್ ಬೇಡ, ಚಂದದ ಡಬ್ಬಿಯಂತೂ ಬೇಡವೇ ಬೇಡ ಎಂದೆ. ಮೂಡಲಗಿಯ ಒಂದು ಆಫೀಸಿನವರು ತೆಗೆದುಹಾಕಿದ ಹಳೆಯ ಯಂತ್ರಗಳು ನನ್ನ ಬಳಿ ಇದ್ದವು. ಅದರಲ್ಲೊಂದು ಧಾರಾಳ ಸಾಕಿತ್ತು. ಪವರ್ ಸಪ್ಲೈ ಮಾತ್ರ ಹೊಸದು ಹಾಕಬೇಕು. ಕರೆಂಟು ಹೋದರೆ ಆಸರೆಗೆ ಯುಪಿಎಸ್ಸಿಗೆ ಲಾರಿಯ ಬ್ಯಾಟರಿ ಜೋಡಿಸಿದರಾಯಿತು, ನಿಮ್ಮೂರಲ್ಲಿ ಲಾರಿಗಳಿಗೇನು ಬರವೇ. ಡಿಸ್ಕುಗಳೂ ಹಳೆಯವೇ ಇರಲಿ, ಆದರೆ ಎರಡು ಇರಬೇಕು.

"ಹಳೇ ಡಿಸ್ಕ್ ಯಾವಾಗ ಕೈ ಕೊಡತೈತಿ ಹೇಳಾಕ ಬರೂದಿಲ್ಲಣ್ಣಾ. ಅದಕ್ಕ ಎರಡ ಹಾಕೂಣು. ಒಂದರಾಗ ಬಿದ್ದದ್ದು ತಾನ ಇನ್ನೊಂದರಾಗೂ ಬೀಳತೈತಿ. ಒಂದು ಸತ್ರ ಇನ್ನೊಂದು ಇರತೈತಿ."

"ಗಂಡ ಹೆಂಡ್ತಿ ಇದ್ದಂಗ ಅನ್ನು," ಎಂದು ಭರಮಣ್ಣ ನಕ್ಕ.

ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಮ್ಮ ಮನೆಗೆ ಬಂದೆ. ಅಣ್ಣನ ಹೆಂಡತಿಯೆಂದು ಆ ದಿನದಿಂದಲೇ ನಿಮ್ಮನ್ನು ವೈನಿ ಎಂದೆ. ಒಳಕೋಣೆಯಲ್ಲಿ ಜೋಡಿಸಿದೆ, ಸ್ಟುಡಿಯೋದವರೆಗೆ ಕೇಬಲ್ಲು ಎಳೆದೆ. ಅಷ್ಟೆಲ್ಲ ಸರಿಯಾಯಿತು. ಆದರೆ ಎರಡು ಡಿಸ್ಕುಗಳನ್ನು ಒಂದಕ್ಕೊಂದು ಜೋಡಿಯಾಗಿಸುವುದು ನನಗೆ ಬರಲಿಲ್ಲ. ಒಂದು ಪತ್ರಿಕೆಯಲ್ಲಿ ಓದಿದ್ದೆ, ಕೈಯಿಂದ ಮಾಡಿರಲಿಲ್ಲ. ಎರಡು ದಿನ ಒದ್ದಾಡಿದೆ. ಪರದೆಯ ಮೇಲೆ ಅದೇ ತಪ್ಪು ಮತ್ತೆ ಮತ್ತೆ. ನೀವು ಅವಲಕ್ಕಿ ತಂದಿಟ್ಟು, "ಆತೇನ್ರಿ ಎಂಜಿನಿಯರ್ರ? ಇಲ್ಲಾ ಇಲ್ಲೇ ಮನಿ ಮಾಡ್ತೀರೇನ?" ಎಂದು ಕಾಡಿಸಿದಿರಿ. ಎಲ್ಲರೂ ನಕ್ಕೆವು. ನಾನು ಮತ್ತೆ ಪರದೆಯ ಕಡೆ ತಿರುಗಿ ಕೂತೆ.

ಎರಡನೆಯ ದಿನ ಸಂಜೆ ಭರಮಣ್ಣ ಬಾಗಿಲಲ್ಲಿ ನಿಂತು ಕೇಳಿದ: "ಎರಡರಾಗೂ ಬೀಳಾಕತ್ತಾವೇನ?"

"ಹೂಂ. ಬೀಳಾಕತ್ತಾವ," ಎಂದೆ.

ಅಷ್ಟೇ, ವೈನಿ. ಮುಂದಿನ ವಾರ ಕಲಿತುಕೊಂಡು ಬಂದು ಸದ್ದಿಲ್ಲದೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ಖರೆ ಹೇಳುತ್ತೇನೆ, ಕಲಿತೆ ಕೂಡ, ಅರ್ಧಮರ್ಧ. ಅಷ್ಟರಲ್ಲಿ ನೀವು ಸಾವಿರಗಟ್ಟಲೆ ಫೋಟೊ ತುಂಬಿಬಿಟ್ಟಿದ್ದಿರಿ. ಈಗ ಕೈಹಾಕಿ ಇದ್ದದ್ದೂ ಅಳಿಸಿಹೋದರೆ... ಎಂಬ ಹೆದರಿಕೆ. ಹೆದರಿಕೆಯೋ, ಮರ್ಯಾದೆ ಹೋದೀತೆಂಬ ಚಿಂತೆಯೋ. ಎರಡೂ ಇದ್ದವು. ಒಂದೂವರೆ ವರ್ಷ ಹೀಗೇ ತಳ್ಳಿದೆ.

ಆ ಒಂದೂವರೆ ವರ್ಷ ನೀವು ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನದ ಅಡುಗೆ ಮುಗಿಸಿ, ಭರಮಣ್ಣನ ಹಳೆಯ ಬನಿಯನ್ನಿನ ತುಂಡಿನಿಂದ ಒಂದೊಂದೇ ನೆಗೆಟಿವ್ ಒರೆಸಿ ಸ್ಕ್ಯಾನರಿಗೆ ಕೊಡುತ್ತಿದ್ದಿರಿ. ನಂಬರು ಹಾಕಿ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯುತ್ತಿದ್ದಿರಿ: ಕುರುಬರ ಬಾಳವ್ವ, ಕಂಕುಳಲ್ಲಿ ಮರಿ. ಲಾರಿ ಕಲ್ಲಪ್ಪ, ಮದುವೆಯ ಮುಂಚೆ. ಅವರಲ್ಲಿ ಎಷ್ಟೋ ಜನ ಜೀವಮಾನದಲ್ಲಿ ಫೋಟೊ ತೆಗೆಸಿಕೊಂಡದ್ದೇ ಒಂದು ಸಲ.

ಒಂದು ದಿನ ನನ್ನನ್ನು ಕೂಗಿ ಕರೆದಿರಿ. ಪರದೆಯ ಮೇಲೆ ಹರೆಯದ ಭರಮಣ್ಣ ಬಾಯಿ ತುಂಬ ನಗುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವನು ನಿಮಗೆ ಕ್ಯಾಮೆರಾ ಹಿಡಿಯಲು ಕಲಿಸಿದಾಗ ನೀವೇ ತೆಗೆದದ್ದು.

"ತಲಿ ಅರ್ಧಾ ಕತ್ತರಿಸಿ ಒಗದೇನಿ ನೋಡ್ರಿ. ಊರ ಮಂದಿದೆಲ್ಲಾ ಫೋಟೊ ತಗದ್ರು, ಅವರ್ದು ಅಂತ ಚೊಲೋದು ಇರೂದು ಇದೊಂದ," ಎಂದಿರಿ. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಿರಿ.

ಆಮೇಲೆ ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವ ವ್ಯಾಪಾರಿ ಕೊಲ್ಲಾಪುರದ ಕಡೆಯಿಂದ ಬಂದ. ಡಬ್ಬಿಗಳನ್ನು ಕೊಡಲೋ ಬೇಡವೋ ಎಂದು ಭರಮಣ್ಣ ನನ್ನನ್ನೇ ಕೇಳಿದ. ಆಗಲೂ ನನಗೆ ಅವಕಾಶವಿತ್ತು. "ಎರಡ ಡಿಸ್ಕ್‌ನ್ಯಾಗ ಅದಾವಲ್ಲಣ್ಣಾ, ಇನ್ನ ಈ ಬೂಸ ಯಾಕ ಇಟಗೊಂಡ ಕುಂದರ್ತಿ?" ಎಂದೆ. ಡಬ್ಬಿಗಳೆಲ್ಲ ಆ ವ್ಯಾಪಾರಿಯ ಪಾಲಾದವು. ಇದನ್ನು ಹೇಳಿದ ಬಾಯಿ ನನ್ನದೇ ಎಂದು ಈಗಲೂ ನಂಬಲು ಆಗುವುದಿಲ್ಲ.

ಆ ವರ್ಷ ಖಂಡೆನವಮಿ ಬಂತು. ದುಡಿಯುವ ಸಾಮಾನಿಗೆಲ್ಲ ಅದು ಪೂಜೆಯ ದಿನ, ವಿಶ್ರಾಂತಿಯ ದಿನ. ಕತ್ತರಿ ಕತ್ತರಿಸುವುದಿಲ್ಲ, ಲಾರಿ ಹೊರಡುವುದಿಲ್ಲ, ಕ್ಯಾಮೆರಾ ಕಣ್ಣು ತೆರೆಯುವುದಿಲ್ಲ. ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟ ಮೇಲೆ ಒಳಕೋಣೆಯಲ್ಲಿ ಹಗಲೂ ರಾತ್ರಿ ದುಡಿಯುತ್ತಿದ್ದ ಯಂತ್ರ ನಿಮಗೆ ನೆನಪಾಯಿತು. ಅದಕ್ಕೂ ಒಂದು ದಿನ ಬಿಡುವು ಸಿಗಲಿ ಎನ್ನಿಸಿತು. ನಾನು ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ಬಂದ್ ಮಾಡಿ, ಯಂತ್ರದ ದೀಪ ಆರಿದ ಮೇಲೆ ಪ್ಲಗ್ಗಿನ ಪಿನ್ ಕಿತ್ತಿರಿ. ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು ಕೈಮುಗಿದಿರಿ.

ಮರುದಿನ ಅದು ಚಾಲೂ ಆಗಲಿಲ್ಲ.

ತಿಂಗಳುಗಟ್ಟಲೆ ನಿಲ್ಲದೆ ತಿರುಗಿದ ಹಳೆಯ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಕೆಲವು ಸಲ ಮತ್ತೆ ತಿರುಗುವುದಿಲ್ಲ. ಅದು ಅದರ ವಯಸ್ಸು. ಯಾವತ್ತಾದರೂ ಆಗುವುದೇ, ಆಗುತ್ತದೆಂದೇ ಎರಡು ಹಾಕಿದ್ದು. ನಾನು ಬಂದು ಬಿಚ್ಚಿ ಎರಡನೆಯದನ್ನು ಜೋಡಿಸಿದೆ. ಅದು ಚೆನ್ನಾಗಿಯೇ ತಿರುಗಿತು. ಒಳಗೆ ಒಂದು ಮುಖವೂ ಇರಲಿಲ್ಲ.

ಭರಮಣ್ಣ ಬೆನ್ನ ಹಿಂದೆ ನಿಂತಿದ್ದ. "ಎರಡನೇದ್ದರೇ ಐತಿಲ್ಲೋ?" ಎಂದ. ನೀವು ಬಾಗಿಲ ಬಾಜೂ ನಿಂತಿದ್ದಿರಿ, ಬೆರಳಿಗೆ ಇನ್ನೂ ಕುಂಕುಮದ ಕೆಂಪು. ನಾನು ನಿಮ್ಮ ಕಡೆ ನೋಡಿದೆ. ದೇವರಾಣೆ, ಯೋಚಿಸಿ ಆಡಿದ ಮಾತಲ್ಲ. ಯೋಚಿಸಲಿಲ್ಲ ಎಂದರೆ ತಪ್ಪು ಕಡಿಮೆಯಾಗುತ್ತದೆಯೇ? ಇಲ್ಲ.

"ಎರಡೂ ಹೋಗ್ಯಾವಣ್ಣಾ. ವೈನಿ ಪಿನ್ ಕಿತ್ತಾರಲ್ಲ, ಅದಕ್ಕ."

"ದೀಪ ಆರಿದ ಮ್ಯಾಲೇನ ಕಿತ್ತೇನ್ರಿ. ಚೀಟ್ಯಾಗ ಹಂಗ ಬರದೈತಿ," ಎಂದಿರಿ.

"ದೀಪ ಆರಿದ್ರೂ ಒಳಗ ನಡದಿರತೈತ್ರಿ. ನಿಮಗ ತಿಳಿಯೂದಿಲ್ಲ."

ಆಗ ಭರಮಣ್ಣ ನಿಮ್ಮ ಕಡೆ ತಿರುಗಿ, "ನಿನಗ್ಯಾರ ಹೇಳಿದ್ರ ಅದನ್ನ ಮುಟ್ಟಾಕ?" ಎಂದ. ಅವನು ನಿಮಗೆ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಕೆಟ್ಟವನಲ್ಲ, ಎರಡು ದಿನಕ್ಕೆ ಅದನ್ನು ನುಂಗಿಕೊಂಡ. ನೀವು ನುಂಗಿಕೊಳ್ಳಲಿಲ್ಲ. ಮತ್ತೆಂದೂ ಕಂಪ್ಯೂಟರು ಮುಟ್ಟಲಿಲ್ಲ, ಕ್ಯಾಮೆರಾ ಕೂಡ ಮುಟ್ಟಲಿಲ್ಲ. ನಾನು ಎರಡೂ ಡಿಸ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬೇರೆ ಯಾರಾದರೂ ಬಿಚ್ಚಿ ನೋಡಿದರೆ ನನ್ನ ಬಂಡವಾಳ ಬಯಲಾಗುತ್ತಿತ್ತು.

ಆಮೇಲೆ ಸತ್ತವರ ಫೋಟೊ ಕೇಳಿಕೊಂಡು ಹಳ್ಳಿಯಿಂದ ಯಾರಾದರೂ ಬಂದರೆ ನೀವೇ ಎದ್ದುಬಂದು ಉತ್ತರ ಕೊಡುತ್ತಿದ್ದಿರಿ. ಬಾಳವ್ವನ ಗಂಡ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ ದಿನ ನಾನು ಅಲ್ಲೇ ಇದ್ದೆ. ನೀವು ನೋಟ್‌ಬುಕ್ಕು ತೆಗೆದು ಅವಳ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು, "ಹೆಸರೈತ್ರಿ ಕಾಕಾ, ಮಾರಿ ಇಲ್ಲ. ನನ್ನ ಕೈಯಿಂದ ಹೋತು," ಎಂದಿರಿ. ಮುದುಕನಿಗೆ ಅರ್ಥವಾಗಲಿಲ್ಲ. ಕೂತೇ ಇದ್ದ. ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ.

ನಾಲ್ಕು ವರ್ಷದ ನಂತರ ಭರಮಣ್ಣ ಎದೆನೋವಿನಿಂದ ತೀರಿಕೊಂಡ. ಮಾತಾಡಿಸಲು ಬಂದೆ. ಗೋಡೆಯ ಮೇಲೆ ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಫೋಟೊ ಇತ್ತು — ಮಸುಕು, ಬಿಗಿದ ತುಟಿ, ಯಾರದೋ ಮುಖ. ಬಂದಿದ್ದ ಹೆಂಗಸೊಬ್ಬಳು, "ಫೋಟೊದವರ ಮನ್ಯಾಗ ಚೊಲೋದೊಂದ ಫೋಟೊ ಇರಲಿಲ್ಲೇನ ಪದ್ಮಕ್ಕಾ?" ಎಂದು ಕೇಳಿಬಿಟ್ಟಳು.

"ಇತ್ತವಾ. ನಗಾಕತ್ತಿದ್ರು. ನಾನ ತಗದಿದ್ದೆ, ನನ್ನ ಕೈಯಿಂದನ ಹೋತು," ಎಂದಿರಿ. ನನ್ನ ಕಡೆ ತೋರಿಸಿದಿರಿ. "ಎಂಜಿನಿಯರ್ರಿಗೆ ಗೊತ್ತೈತಿ."

ನಾನು ತಲೆಯಾಡಿಸಿದೆ, ವೈನಿ. ಸಾಕ್ಷಿ ಹೇಳಿದೆ. ಮೊದಲ ಸುಳ್ಳನ್ನು ಹೆದರಿ ಹೇಳಿದೆನೆನ್ನಬಹುದು. ಇದಕ್ಕೆ ನನ್ನಲ್ಲಿ ಹೆಸರಿಲ್ಲ.

ಮನೆಗೆ ಬಂದು ಮೊದಲನೆಯ ಡಿಸ್ಕನ್ನು ಬಿಚ್ಚಿದೆ. ಆ ನಗು ಹೇಗಾದರೂ ಸಿಕ್ಕೀತೆಂದು ಬರಿಗೈಯಲ್ಲಿ ಬಿಚ್ಚಿ ಇದ್ದದ್ದನ್ನೂ ಕೆಡಿಸಿದೆ. ಆಗಲೂ ಬರದ ಕೆಲಸಕ್ಕೆ ಕೈಹಾಕಿದೆ. ಕೆಟ್ಟ ಡಿಸ್ಕಿನಿಂದ ಇದ್ದದ್ದನ್ನು ತೆಗೆದುಕೊಡುವ ಪುಣೆಯವರಿಗೆ ಕಳಿಸಿದಾಗ, ಇನ್ನು ಏನೂ ಉಳಿದಿಲ್ಲವೆಂದು ಮರಳಿಸಿದರು. ಬಿಚ್ಚದೇ ಕಳಿಸಿದ್ದರೆ ಬರುತ್ತಿತ್ತೇನೋ ಎಂದೂ ಹೇಳಿದರು.

ಎರಡನೆಯದು ನನ್ನ ಮೇಜಿನ ಖಾನೆಯಲ್ಲಿದೆ. ಮೊನ್ನೆ ಜೋಡಿಸಿ ನೋಡಿದೆ. ಇಷ್ಟು ವರ್ಷವಾದರೂ ಚೂರೂ ತೊಂದರೆ ಇಲ್ಲದೆ ತಿರುಗುತ್ತದೆ. ಊರಿಗೆ ಊರೇ ಹಿಡಿಸುವಷ್ಟು ಜಾಗ ಅದರಲ್ಲಿ ಹಾಗೇ ಖಾಲಿ ಇದೆ.

ಈ ಖಂಡೆನವಮಿಗೆ ಎರಡನ್ನೂ ತೆಗೆದುಕೊಂಡು ಬರುತ್ತೇನೆ. ಅವಲಕ್ಕಿ ಬೇಡ, ಚಹಾ ಬೇಡ, ಕ್ಷಮೆಯನ್ನೂ ಕೇಳುವುದಿಲ್ಲ. ಅದನ್ನು ಕೊಡುವ ಭಾರ ನಿಮಗೆ ಯಾಕೆ? ನಿಮ್ಮ ಓಣಿಯವರನ್ನೆಲ್ಲ ಕರೆಯಿರಿ, ಆ ದಿನ ಪ್ರಶ್ನೆ ಕೇಳಿದ ಹೆಂಗಸನ್ನೂ ಕರೆಯಿರಿ. ನೋಟ್‌ಬುಕ್ಕು ಹೊರಗೆ ತನ್ನಿ. ಅದರಲ್ಲಿರುವ ಒಂದೊಂದು ಹೆಸರನ್ನೂ ನಾನೇ ಓದುತ್ತೇನೆ, ಭರಮಣ್ಣನದನ್ನು ಕೊನೆಗೆ. ಪ್ರತಿ ಹೆಸರಿನ ಮುಂದೆ ನೀವು ಇಷ್ಟು ವರ್ಷ ಹೇಳಿಕೊಂಡು ಬಂದ ಮಾತನ್ನು ನಾನು ಹೇಳುತ್ತೇನೆ: ನನ್ನ ಕೈಯಿಂದ ಹೋತ್ರಿ.